ಡ್ರಿಲ್ ಮೇಷ್ಟ್ರ ಅಂಚೆ: ಏಡಿ ಹಿಡಿಯೋಕೆ ಬಾಸ್ಟನ್ನಿಗೆ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಾವು ಚಿಕ್ಕಮಗಳೂರಿನವರು. ನಮ್ಮ ಯಜಮಾನರಿಗೆ ಕಂಪನಿ ಕಡೆಯಿಂದ ಮೂರು ವರ್ಷಕ್ಕೆ ಅಮೆರಿಕದ ಬಾಸ್ಟನ್ನಿಗೆ ವರ್ಗವಾಗಿದೆ. ಜುಲೈ ಮೊದಲ ವಾರ ಹೊರಡಬೇಕು. ಮಗನಿಗೆ ಹದಿನಾಲ್ಕು, ಅಲ್ಲಿ ಒಂಬತ್ತನೇ ಕ್ಲಾಸಿಗೆ ಸೇರುತ್ತಾನೆ. ಅವನು ಮೊಬೈಲಿನಲ್ಲಿ ಏನೋ ನೋಡಿಕೊಂಡು, ಅಲ್ಲಿ ನದಿ ಮೇಲೆ ದೋಣಿ ಓಡಿಸುವ ಕ್ಲಬ್ಬಿದೆ, ಹೈಸ್ಕೂಲು ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ನಾನು ಸೇರೇ ಸೇರ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ಇಲ್ಲಿ ಅವನು ಆಟ ಅಂತ ಆಡಿದ್ದು ಕೇರಂ ಒಂದೇ. ಈಜು ಬರಲ್ಲ. ಹಿರೇಕೊಳಲೆ ಕೆರೆ ನೋಡಲು ಹೋದಾಗಲೂ ನಾನು ಅವನ ಅಂಗಿ ಹಿಡಿದುಕೊಂಡೇ ನಿಂತಿದ್ದೆ. ತೂಕ ನಲವತ್ತಾರು ಕೆ.ಜಿ., ಎತ್ತರವೂ ಅಷ್ಟಕ್ಕಷ್ಟೆ. ಮನೆಯವರು 'ಬಿಡೇ, ಮುಂದೆ ಕಾಲೇಜು ಸೀಟಿಗೆ ಅನುಕೂಲ' ಅಂತಾರೆ. ನನಗೆ ನೀರಿನ ಭಯ, ಖರ್ಚಿನ ಭಯ, ಓದು ಕೆಡುವ ಭಯ. ಅಲ್ಲಿಯ ಮಕ್ಕಳೆಲ್ಲ ಚಿಕ್ಕಂದಿನಿಂದ ಆಡಿ ಪಳಗಿರುತ್ತಾರೆ, ನಮ್ಮವನು ಅವರ ಮಧ್ಯೆ ಪೆಚ್ಚುಮೋರೆ ಹಾಕಿಕೊಂಡು ಕೂರುತ್ತಾನೇನೋ ಅನ್ನುವುದೂ ಇದೆ. ಏನು ಮಾಡಲಿ?
ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ತಾಯಿ, ನಿಮ್ಮ ಕೊನೆಯ ಭಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದೊಂದು ಬರೀ ಸುಳ್ಳು ಭಯ. ಕ್ರಿಕೆಟ್ಟಿಗೆ ಹದಿನಾಲ್ಕನೇ ವಯಸ್ಸಿಗೆ ಹೋದರೆ ಅಲ್ಲಿ ಆರು ವರ್ಷಕ್ಕೇ ಬ್ಯಾಟು ಹಿಡಿದ ಹುಡುಗರು ಇರುತ್ತಾರೆ, ನಿಜ. ರೋಯಿಂಗಿನಲ್ಲಿ, ಅಂದರೆ ನಿಮ್ಮ ಮಗ ಹೇಳುವ ಈ ದೋಣಿ ಎಳೆಯುವ ಆಟದಲ್ಲಿ, ಹಾಗಿಲ್ಲ. ಆರು ವರ್ಷದ ಕೂಸಿನ ಕೈಗೆ ಹನ್ನೆರಡು ಅಡಿ ಉದ್ದದ ಹುಟ್ಟನ್ನು ಯಾರು ಕೊಡುತ್ತಾರೆ ಹೇಳಿ? ಮಕ್ಕಳು ಈ ಆಟಕ್ಕೆ ಬರುವುದೇ ಹೈಸ್ಕೂಲಿನಲ್ಲಿ. ಅಲ್ಲಿಯ ಕ್ಲಬ್ಬುಗಳಲ್ಲಿ ಹೊಸಬರದೇ ಒಂದು ತಂಡ, 'ನಾವಿಸ್' ಅಂತಾರೆ. ಅದರಲ್ಲಿ ಎಲ್ಲರೂ ಸೊನ್ನೆಯಿಂದಲೇ ಶುರು, ಎಲ್ಲರೂ ಪೆಚ್ಚುಮೋರೆಯವರೇ.

ನಾನು ಹುಟ್ಟು ಹಿಡಿದದ್ದು ಇಪ್ಪತ್ತಕ್ಕೆ. ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿ ಬೆಂಗಳೂರಿನಲ್ಲಿದ್ದೆ, 1981. ಉದ್ದ ಇರುವವರು ಮುಂದೆ ಬನ್ನಿ ಅಂದರು, ಏನೋ ಊಟ ಬಡಿಸುವ ಕೆಲಸ ಇರಬೇಕು ಅಂದುಕೊಂಡು ಮುಂದೆ ಹೋದೆ. ನೋಡಿದರೆ ಹಲಸೂರು ಕೆರೆ, ತೆಳ್ಳಗೆ ಸೌತೆಕಾಯಿಯಂಥ ಒಂದು ದೋಣಿ! ಮೂರನೇ ದಿನ 'ಏಡಿ ಹಿಡಿದೆ'. ರೋಯಿಂಗಿನವರ ಭಾಷೆಯಲ್ಲಿ ಹಾಗೆಂದರೆ, ಹುಟ್ಟಿನ ಅಲಗನ್ನು ನೀರಿನಿಂದ ಸರಿಯಾದ ಗಳಿಗೆಯಲ್ಲಿ ಎತ್ತದೆ ಅದು ಒಳಗೇ ಸಿಕ್ಕಿಕೊಳ್ಳುವುದು. ದೋಣಿ ಮುಂದೆ ಓಡುತ್ತಿರುತ್ತದೆ, ಹಿಡಿ ವಾಪಸ್ ಬಂದು ಹೊಟ್ಟೆಗೋ ಎದೆಗೋ ಗುದ್ದುತ್ತದೆ. ಗಟ್ಟಿ ಏಡಿಯಾದರೆ ಆಳನ್ನೇ ಎತ್ತಿ ನೀರಿಗೆ ಎಸೆಯುತ್ತದೆ. ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿದು ಬೆಳೆದ ನನಗೆ ಈ ಏಡಿ ಕಚ್ಚಿದ ನೋವು ಹದಿನೈದು ದಿನ ಇತ್ತು. ನಿಮ್ಮ ಮಗನೂ ಹಿಡಿಯುತ್ತಾನೆ. ಅವನ ಪಕ್ಕದ ಅಮೆರಿಕದ ಹುಡುಗನೂ ಹಿಡಿಯುತ್ತಾನೆ.

ಇನ್ನೂ ನಂಬಿಕೆ ಬರದಿದ್ದರೆ ನಮ್ಮವರನ್ನೇ ನೋಡಿ. 2010ರಲ್ಲಿ ಚೀನಾದ ಗುವಾಂಗ್ಝೌ ಏಷ್ಯನ್ ಗೇಮ್ಸಿನಲ್ಲಿ ರೋಯಿಂಗಿನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ ತಂದವರು ಬಜರಂಗ್ ಲಾಲ್ ತಾಖರ್. ಎಲ್ಲಿಯವರು? ರಾಜಸ್ಥಾನದ ಸೀಕರ್ ಕಡೆಯವರು, ಮರಳು ನೋಡಿ ಬೆಳೆದವರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಒಬ್ಬರೇ ಕೂರುವ ದೋಣಿಯಲ್ಲಿ ಹದಿಮೂರನೇ ಸ್ಥಾನ ಪಡೆದ ದತ್ತು ಭೋಕನಾಳ್ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಹಳ್ಳಿಯವರು, ಬಾವಿ ತೋಡುವ ಕೂಲಿಗೆ ಹೋಗುತ್ತಿದ್ದವರು. ಇಬ್ಬರೂ ಸೇನೆಗೆ ಸೇರಿದ ಮೇಲೆ ಹುಟ್ಟು ಹಿಡಿದವರು. ಅವರಿಗೆ ಹೋಲಿಸಿದರೆ ಹದಿನಾಲ್ಕು ಅನ್ನುವುದು ಬೇಗವೇ ಆಯಿತು.

ಇನ್ನು ನೀರಿನ ಭಯ. ಇದು ಸುಳ್ಳಲ್ಲ, ಇದನ್ನು ನಾನು ಕಡೆಗಣಿಸಲಾರೆ. ಕಾಗದ ಓದಿದ ಕೂಡಲೇ ಅವನನ್ನು ಈಜಿಗೆ ಸೇರಿಸಿ. ನಾಳೆ ಅಲ್ಲ, ಇವತ್ತೇ. ನಾವು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಬಿದ್ದವರು, ಆಮೇಲಿನವರು ಐದು ಲೀಟರಿನ ಎಣ್ಣೆ ಕ್ಯಾನು ಕಟ್ಟಿಕೊಂಡರು. ನಿಮಗೆ ಅದು ಬೇಡ, ಕಲಿಸುವವರು ಇರುವ ಈಜುಕೊಳ ಹುಡುಕಿ. ದೋಣಿ ಕ್ಲಬ್ಬುಗಳಲ್ಲಿ ಸೇರುವಾಗಲೇ ಈಜು ಪರೀಕ್ಷೆ ಕೇಳುವುದು ವಾಡಿಕೆ. ಕೆಲವೆಡೆ ಇಷ್ಟು ದೂರ ಈಜು ಅಂತಾರೆ, ಕೆಲವೆಡೆ ಹತ್ತು ನಿಮಿಷ ನಿಂತಲ್ಲೇ ಕೈಕಾಲಾಡಿಸುತ್ತ ತೇಲಬೇಕು, ಆಮೇಲೆ ನೀರಲ್ಲಿದ್ದುಕೊಂಡೇ ಲೈಫ್ ಜಾಕೆಟ್ ತೊಟ್ಟು ತೋರಿಸಬೇಕು. ಹಾಗಾಗಿ ವೇಗವಾಗಿ ಈಜುವುದಕ್ಕಿಂತ ಮೊದಲು ತೇಲುವುದನ್ನು ಕಲಿಸಿ ಅಂತ ಮಾಸ್ತರಿಗೆ ಹೇಳಿ. ಇದನ್ನು ಮಾಡದಿದ್ದರೆ ನನ್ನ ಉತ್ತರದ ಉಳಿದ ಭಾಗ ನಿಮಗಲ್ಲ.

ಮಾಡಿದರೆ ಮುಂದೆ ಓದಿ. ಹೊಸ ಮಕ್ಕಳನ್ನು ಸಾಮಾನ್ಯವಾಗಿ ಕೂರಿಸುವುದು ನಾಲ್ಕು ಜನರ ಇಲ್ಲವೇ ಎಂಟು ಜನರ ದೋಣಿಯಲ್ಲಿ. ಎಂಟಾಳಿನ ದೋಣಿ ಹತ್ತಿರ ಹತ್ತಿರ ಅರವತ್ತು ಅಡಿ ಉದ್ದ, ಅದು ಮಗುಚುವುದು ಅಪರೂಪ. ಒಬ್ಬರ ದೋಣಿ ಮಾತ್ರ ಮುಟ್ಟಿದರೆ ಮುನಿ, ಅದು ಆಮೇಲಿನ ಮಾತು. ಕೋಚು ಮೋಟಾರು ದೋಣಿಯಲ್ಲಿ ಪಕ್ಕದಲ್ಲೇ ಬರುತ್ತಾರೆ, ಜಾಕೆಟ್ಟುಗಳು ಅದರಲ್ಲಿರುತ್ತವೆ. ಕಾಲು ಸಿಕ್ಕಿಕೊಂಡರೆ ಅಂತ ಕೇಳುತ್ತೀರಿ, ಗೊತ್ತು. ಶೂಗಳನ್ನು ದೋಣಿಗೇ ಬಿಗಿದಿರುತ್ತಾರೆ, ಆದರೆ ಹಿಮ್ಮಡಿಗೆ ಒಂದು ದಾರ ಕಟ್ಟಿರುತ್ತಾರೆ, ಒಂದು ಎಳೆತಕ್ಕೆ ಕಾಲು ಹೊರಗೆ ಬರಬೇಕು. ಕೂರುವ ಮೊದಲು ಆ ದಾರ ಎಳೆದು ನೋಡುವುದನ್ನು ಅವನಿಗೆ ಅಭ್ಯಾಸ ಮಾಡಿಸಿ. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಬಾರದು, ದೋಣಿ ಹಿಡಿದುಕೊಂಡೇ ಇರಬೇಕು. ಅದು ತೇಲುತ್ತದೆ, ನಾವು ಸುಸ್ತಾಗುತ್ತೇವೆ.

ತೂಕದ ವಿಷಯಕ್ಕೆ ನಗು ಬಂತು. ನಲವತ್ತಾರು ಕೆ.ಜಿ.ಯ ಹುಡುಗ ಬಂದ ಅಂದರೆ ಕೋಚುಗಳು ಮನೆ ಬಾಗಿಲಿಗೆ ತೋರಣ ಕಟ್ಟುತ್ತಾರೆ! ಎಂಟು ಜನ ದಾರಿಗೆ ಬೆನ್ನು ಹಾಕಿ ಕೂತು ಎಳೆಯುವಾಗ ಒಂಬತ್ತನೆಯವನೊಬ್ಬ ಮುಂದೆ ನೋಡುತ್ತ ಚುಕ್ಕಾಣಿ ಹಿಡಿಯುತ್ತಾನೆ. ಅವನು ಕಾಕ್ಸ್. ಅವನು ಹುಟ್ಟು ಮುಟ್ಟುವುದಿಲ್ಲ, ಹಗುರ ಇದ್ದಷ್ಟೂ ದೋಣಿಗೆ ಲಾಭ. ಎಷ್ಟು ಲಾಭ ಅಂದರೆ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಕ್ಸ್ 55 ಕೆ.ಜಿ. ಇರಲೇಬೇಕು, ಕಡಿಮೆ ಇದ್ದರೆ ಕೊರತೆ ಬಿದ್ದಷ್ಟು ತೂಕದ ಚೀಲ ಹೊತ್ತು ಕೂರಬೇಕು ಅಂತ ನಿಯಮವೇ ಇದೆ. ಆದರೆ ಒಂದು ಮಾತು. ಕಾಕ್ಸ್ ಆದವನು ಗಂಟಲು ಬಿಡಬೇಕು. ತನಗಿಂತ ದಪ್ಪ ಎಂಟು ಜನರಿಗೆ ಎತ್ತು, ಇಳಿಸು, ನಿಲ್ಲು ಅಂತ ಅಪ್ಪಣೆ ಕೊಡಬೇಕು, ಅದೂ ಇಂಗ್ಲಿಷಿನಲ್ಲಿ. ಮಗ ಮೌನಿಯಾದರೆ ಮೊದಲ ಎರಡು ತಿಂಗಳು ಕಷ್ಟ. ಆಮೇಲೆ ಮನೆಯಲ್ಲಿ ನಿಮಗೇ ಅಪ್ಪಣೆ ಕೊಡುತ್ತಾನೆ, ಸಹಿಸಿಕೊಳ್ಳಿ. ಹದಿನಾರಕ್ಕೆ ಉದ್ದ ಬೆಳೆದರೆ ಹುಟ್ಟಿಗೆ ಬದಲಾಯಿಸಿಕೊಳ್ಳಬಹುದು.

ಓದು: ಬೆಳಗಿನ ಐದಕ್ಕೆ ಏಳುವುದು ಹೆಚ್ಚಾಗಿ ಕೆಲಸಕ್ಕೆ ಹೋಗುವ ದೊಡ್ಡವರು. ಹೈಸ್ಕೂಲಿನವರದು ಶಾಲೆ ಬಿಟ್ಟ ಮೇಲೆ, ಎರಡು ಗಂಟೆ, ವಾರದಲ್ಲಿ ನಾಲ್ಕೈದು ದಿನ. ಸಂಜೆ ಬಂದವನು ತಟ್ಟೆ ಮುಂದೆಯೇ ತೂಕಡಿಸುತ್ತಾನೆ. ಲೆಕ್ಕವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ, ಇದು ಅಗ್ಗದ ಆಟವಲ್ಲ. ಒಂದು ಒಳ್ಳೆಯ ಎಂಟಾಳಿನ ದೋಣಿಗೆ ಹತ್ತಾರು ಸಾವಿರ ಡಾಲರ್. ಆದರೆ ದೋಣಿ, ಹುಟ್ಟು ಎಲ್ಲ ಕ್ಲಬ್ಬಿನವು. ನೀವು ಕಟ್ಟುವುದು ಋತುವಿನ ಶುಲ್ಕ, ಆ ಮೇಲೆ ಮೈಗಂಟಿದ ಒಂದು ಬಟ್ಟೆ, ಸ್ಪರ್ಧೆಗೆ ಹೋದರೆ ಬಸ್ ಚಾರ್ಜು. ಬಾಸ್ಟನ್ನಿನಲ್ಲೇ 1985ರಲ್ಲಿ ಶುರುವಾದ 'ಕಮ್ಯುನಿಟಿ ರೋಯಿಂಗ್' ಅನ್ನುವ ಸಂಸ್ಥೆ ಇದೆ. ದೊಡ್ಡ ಕಾಲೇಜಿನ ಮಕ್ಕಳಿಗೆ ಮಾತ್ರ ಸಿಗುತ್ತಿದ್ದ ನದಿಯನ್ನು ಊರಿನ ಎಲ್ಲರಿಗೂ ತೆರೆಯಬೇಕು ಅನ್ನುವುದೇ ಅದರ ಹುಟ್ಟಿಗೆ ಕಾರಣ. ಇಂಥ ಕಡೆ ಶುಲ್ಕ ರಿಯಾಯಿತಿಗೆ ಅರ್ಜಿ ಇರುತ್ತದೆ. ಸಂಕೋಚ ಬಿಟ್ಟು ಮೊದಲ ದಿನವೇ ಕೇಳಿ. ನಮ್ಮವರು ಅರ್ಜಿ ಕೇಳಲು ನಾಚಿಕೊಂಡು ಪೂರ್ತಿ ಕಟ್ಟಿ, ಮನೆಗೆ ಬಂದು ಗೊಣಗುತ್ತಾರೆ. ಜುಲೈಯಲ್ಲಿ ಇಳಿಯುತ್ತೀರಲ್ಲ, ಬೇಸಿಗೆಯ ಒಂದೆರಡು ವಾರದ ಕಲಿಕೆ ಶಿಬಿರಕ್ಕೆ ಮೊದಲು ಹಾಕಿ. ಹಿಡಿಸದಿದ್ದರೆ ಅಲ್ಲಿಗೇ ಮುಗಿಯಿತು. ಹಿಡಿಸಿದರೆ ಸೆಪ್ಟೆಂಬರಿಗೆ ತಂಡ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ, ಆಗೆಲ್ಲ ಒಳಗೆ ಯಂತ್ರದ ಮೇಲೆ ಎಳೆಯುವುದು. ಬಿಡುವವರು ಬಿಡುವುದು ಆ ನಾಲ್ಕು ತಿಂಗಳಲ್ಲೇ.

ನಿಮ್ಮ ಯಜಮಾನರ ಕಾಲೇಜು ಸೀಟಿನ ಲೆಕ್ಕ ಅರ್ಧ ಸರಿ, ಆದರೆ ಆ ಅರ್ಧ ಹೆಣ್ಣುಮಕ್ಕಳ ಪಾಲಿಗೆ. 1972ರ ಒಂದು ಕಾನೂನಿನಿಂದ ಅಲ್ಲಿಯ ಕಾಲೇಜುಗಳು ಆಟದಲ್ಲಿ ಹುಡುಗಿಯರಿಗೂ ಸರಿಸಮ ಅವಕಾಶ ಕೊಡಬೇಕಾಯಿತು. ಹುಡುಗರ ಅಮೆರಿಕನ್ ಫುಟ್‌ಬಾಲ್ ತಂಡ ಭಾರಿ ದೊಡ್ಡದು, ಅದನ್ನು ಸರಿದೂಗಿಸಲು ತುಂಬ ಜನ ಹಿಡಿಯುವ ಆಟ ಬೇಕಿತ್ತು. ರೋಯಿಂಗ್ ಸಿಕ್ಕಿತು. ಹಾಗಾಗಿ ವಿದ್ಯಾರ್ಥಿವೇತನ ಹೆಚ್ಚಾಗಿ ಹುಡುಗಿಯರಿಗೆ. ಹುಡುಗರಿಗೆ ಬಹಳ ಕಡಿಮೆ. ಅವನು ಆಟಕ್ಕಾಗಿ ಆಡಲಿ, ಸೀಟಿಗೆ ಓದಲಿ.

ನನ್ನ ಮಗಳ ಮನೆ ಅದೇ ಕಡೆ. 2024ರ ಅಕ್ಟೋಬರಿನಲ್ಲಿ ಹೋಗಿದ್ದಾಗ ಚಾರ್ಲ್ಸ್ ನದಿಯ ದೊಡ್ಡ ಸ್ಪರ್ಧೆ ನೋಡಿದೆ, 1965ರಿಂದ ನಡೆಯುತ್ತಿದೆಯಂತೆ. ದೋಣಿಗಳನ್ನು ಒಟ್ಟಿಗೆ ಬಿಡುವುದಿಲ್ಲ, ಒಂದರ ಹಿಂದೆ ಒಂದು ಬಿಟ್ಟು ಹೊತ್ತು ಲೆಕ್ಕ ಹಾಕುತ್ತಾರೆ. ನಡುವೆ ಸೇತುವೆಗಳು, ತಿರುವುಗಳು. ತಿರುವಿನಲ್ಲಿ ಒಂದು ದೋಣಿಯ ಹುಟ್ಟುಗಳು ಪಕ್ಕದ ದೋಣಿಯವಕ್ಕೆ ತಗುಲಿ ಕಟಕಟ ಅಂದಾಗ ಸೇತುವೆ ಮೇಲಿದ್ದ ಜನ ನಮ್ಮೂರ ಜಾತ್ರೆಯಲ್ಲಿ ತೇರಿನ ಚಕ್ರ ಹೊರಳಿದಾಗ ಕೂಗುವ ಹಾಗೆಯೇ ಕೂಗಿದರು. ಮೊಮ್ಮಗಳು ಆಗಿನ್ನೂ ಹೊಸಬರ ತಂಡ, ಅವಳಿಗೆ ಅದರಲ್ಲಿ ಜಾಗವಿಲ್ಲ. ಅವಳ ಸ್ಪರ್ಧೆ ಮುಂದಿನ ವಾರ ಬೇರೆ ಊರಲ್ಲಿ. ಅಲ್ಲಿ ಅಪ್ಪ ಅಮ್ಮಂದಿರು ಸರದಿಯ ಮೇಲೆ ಡೇರೆಯಲ್ಲಿ ಊಟ ಇಡಬೇಕು. ನನ್ನ ಮಗಳು ಒಂದು ಹಂಡೆ ಚಿತ್ರಾನ್ನ ಕಲಸಿ ಒಯ್ದಳು. ಮೊದಲು ಯಾರೂ ಮುಟ್ಟಲಿಲ್ಲ. ಆರಡಿ ನಾಲ್ಕಂಗುಲದ ಒಬ್ಬ ಹುಡುಗ ತಿಂದು, ಎರಡನೇ ಸಲ ಬಡಿಸಿಕೊಂಡ. ಅರ್ಧ ಗಂಟೆಗೆ ಹಂಡೆ ತಳ ಕಂಡಿತು. ನೀವೂ ಕಡ್ಲೆಬೇಳೆ, ಸಾಸಿವೆ ಜಾಸ್ತಿಯೇ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ಸರ್, ನಮ್ಮ ಜಿಮ್ಮಿನಲ್ಲಿ ರೋಯಿಂಗ್ ಮೆಷೀನ್ ಬಂದಿದೆ. ಪಕ್ಕದ ಸನ್ನೆಯನ್ನು ಹತ್ತಕ್ಕೆ ಇಟ್ಟು ಎಳೆಯುತ್ತೇನೆ. ಎರಡೇ ವಾರಕ್ಕೆ ಸೊಂಟ ಹಿಡಿದಿದೆ. ಬಿಡಲೇ?
ಪಿಯುಸಿ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಮೆಷೀನು ಬಿಡಬೇಡ ಮಗನೇ, ಹತ್ತನ್ನು ಬಿಡು. ಆ ಸನ್ನೆ ಒಳಗೆ ಗಾಳಿ ಎಷ್ಟು ಹೋಗಬೇಕು ಅನ್ನುವುದಕ್ಕೆ, ಗಂಡಸುತನ ಅಳೆಯುವುದಕ್ಕಲ್ಲ. ಮೂರರಿಂದ ಐದರೊಳಗೆ ಇಡು. ನೀನು ಕೈಯಲ್ಲಿ ಎಳೆಯುತ್ತಿದ್ದೀಯ, ಬಾವಿಯಿಂದ ಕೊಡ ಸೇದುವ ಹಾಗೆ. ಇದರಲ್ಲಿ ಕೆಲಸ ತೊಡೆಯದು. ಮೊದಲು ಕಾಲು ಒತ್ತು, ಕಾಲು ನೆಟ್ಟಗಾದ ಮೇಲೆ ಬೆನ್ನು ತುಸು ಹಿಂದಕ್ಕೆ, ಕಡೆಗೆ ಕೈ. ವಾಪಸ್ ಬರುವಾಗ ಮೊದಲು ಕೈ, ಆಮೇಲೆ ಬೆನ್ನು, ಕಡೆಗೆ ಮೊಣಕಾಲು, ಅದೂ ನಿಧಾನ. ನಿಮಿಷಕ್ಕೆ ಇಪ್ಪತ್ತು ಎಳೆತ ಸಾಕು. ಮೊದಲು ಸೊಂಟ ವಾಸಿಯಾಗುವ ತನಕ ಸುಮ್ಮನೆ ನಡಿ, ನೋವು ಕಾಲಿಗೆ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ಸರ್, ನಾನು ಒಂಬತ್ತನೇ ತರಗತಿ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬಲರಾಜ್ ಪನ್ವಾರ್ ಒಬ್ಬರೇ ದೋಣಿ ಓಡಿಸಿದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ಆಸೆ. ನಮ್ಮೂರು ಗೊರೂರು ಹಿನ್ನೀರಿಗೆ ಹತ್ತಿರ. ಅಷ್ಟೊಂದು ನೀರಿದೆ, ಮೀನು ಹಿಡಿಯುವ ಮಾಮನ ಹರಿಗೋಲೂ ಇದೆ. ನಾನು ಕಲಿಯಬಹುದಾ? ಅಣ್ಣ 'ಅದು ಹುಡುಗೀರ ಆಟ ಅಲ್ಲ' ಅಂತಾನೆ.
ಹಾಸನ ತಾಲ್ಲೂಕಿನ ವಿದ್ಯಾರ್ಥಿನಿ

ಉತ್ತರ: ಪುಟ್ಟಿ, ನಿಮ್ಮಣ್ಣನಿಗೆ ಹೇಳು, ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳು 1976ರಿಂದ ದೋಣಿ ಎಳೆಯುತ್ತಿದ್ದಾರೆ. ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

ಹಿನ್ನೀರಿನ ಮಾತು ಬಂತಲ್ಲ, ಅದು ನನಗೆ ಬರೀ ನೀರಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ನನಗೆ ಹದಿನೆಂಟು. ನಮ್ಮಪ್ಪನ ಎರಡು ಎಕರೆ ಗದ್ದೆ, ಒಂದು ಹುಣಸೆಮರ ಅದರ ತಳದಲ್ಲಿವೆ. ಶೆಟ್ಟಿಹಳ್ಳಿ ಚರ್ಚು ಗೋಪುರದ ಕತ್ತಿನ ತನಕ ಮುಳುಗಿ ನಿಂತಿದ್ದನ್ನು ನೀವೆಲ್ಲ ಫೋಟೋ ತೆಗೆಯಲು ಹೋಗುತ್ತೀರಿ. ಹೇಮಾವತಿ ಸಮುದ್ರಮಟ್ಟದಿಂದ 2922 ಅಡಿಯ ಗುರುತಿನ ತನಕ ತುಂಬಿದಾಗ ಚಂದ, ಬೇಸಿಗೆಯಲ್ಲಿ ಇಳಿದಾಗ ನೋಡು: ಮರದ ಬೊಡ್ಡೆ, ಹಳೇ ಗೋಡೆ, ಮಂಡಿಯುದ್ದ ಹೂಳು. ನೀರು ತುಂಬಿದಾಗಲೂ ಅವೆಲ್ಲ ಕೆಳಗೆ ಅಲ್ಲೇ ಇರುತ್ತವೆ, ಕಾಣುವುದಿಲ್ಲ ಅಷ್ಟೆ. ಆಷಾಢದ ಗಾಳಿಗೆ ಅಲ್ಲಿ ಅಲೆ ಏಳುವುದನ್ನು ನೀನೇ ನೋಡಿದ್ದೀಯ. ಪ್ರತಿ ರಜೆಯಲ್ಲೂ ಕೆರೆ, ಕಟ್ಟೆಗಳಿಂದ ಮಕ್ಕಳ ಕೆಟ್ಟ ಸುದ್ದಿ ಬರುತ್ತದೆ. ಆದ್ದರಿಂದ ಮಾಮನ ಹರಿಗೋಲನ್ನು ಒಬ್ಬಳೇ ಬಿಚ್ಚಬಾರದು. ಮಾಮ ಜೊತೆಗಿದ್ದು, ಮೈಮೇಲೆ ಜಾಕೆಟ್ಟಿದ್ದು, ದಡದ ಹತ್ತಿರವೇ ಇದ್ದರೆ ಕೂರು. ಹರಿಗೋಲಿನಿಂದ ರೋಯಿಂಗ್ ಬರುವುದಿಲ್ಲ, ನೀರಿನ ಮೇಲೆ ಮೈ ಹೇಗೆ ತೂಗಬೇಕು ಅನ್ನುವುದು ಬರುತ್ತದೆ. ಬೇಲೂರಿನ ಯಗಚಿ ಜಲಾಶಯದಲ್ಲಿ ಜಲಸಾಹಸ ಕ್ರೀಡೆ ಇದೆ, ಶಾಲೆಯಿಂದ ಹೋಗಬಹುದಾ ಅಂತ ನಿಮ್ಮ ಪಿಟಿ ಸರ್ ಅವರನ್ನು ಕೇಳು.

ನಮ್ಮ ಜಿಲ್ಲೆಗೂ ಒಂದು ದೋಣಿ ಕ್ಲಬ್ಬು ಬೇಕು ಅಂತ ನಾನೂ ಒಮ್ಮೆ ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅರ್ಧ ಗಂಟೆ ವಿವರಿಸಿದೆ. ಗುಮಾಸ್ತರು ಪೂರಾ ಕೇಳಿಸಿಕೊಂಡು, 'ಮೇಷ್ಟ್ರೇ, ತೆಪ್ಪೋತ್ಸವ ಯಾವ ದೇವಸ್ಥಾನದ್ದು?' ಅಂದರು. ಅರ್ಜಿ ಇನ್ನೂ ಅಲ್ಲೇ ಇರಬೇಕು.

ಹಾಗಾದರೆ ನಿನಗೆ ದಾರಿ ಇಲ್ಲವಾ? ಇದೆ, ಸ್ವಲ್ಪ ಸುತ್ತು. ಎನ್‌ಸಿಸಿಯಲ್ಲಿ ನೌಕಾ ವಿಭಾಗ ಅಂತ ಇದೆ, ಮೈಸೂರು, ಮಂಗಳೂರಿನಲ್ಲಿ ಅದರ ಘಟಕಗಳಿವೆ. ಅಲ್ಲಿ 'ಬೋಟ್ ಪುಲ್ಲಿಂಗ್' ಕಲಿಸುತ್ತಾರೆ. ಅದು ತೆಳ್ಳನೆ ರೇಸು ದೋಣಿಯಲ್ಲ, ವ್ಹೇಲರ್ ಅನ್ನುವ ಭಾರವಾದ ಇಪ್ಪತ್ತೇಳು ಅಡಿಯ ದೋಣಿ. ಆದರೆ ಎಲ್ಲರ ಹುಟ್ಟೂ ಒಂದೇ ಗಳಿಗೆಗೆ ನೀರು ಮುಟ್ಟಬೇಕು ಅನ್ನುವ ಪಾಠ ಅದರಷ್ಟು ಚೆನ್ನಾಗಿ ಯಾವುದೂ ಕಲಿಸಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಆ ಕಡೆ ಹೋಗುವ ಯೋಚನೆ ಇದ್ದರೆ, ಕಾಲೇಜು ಆರಿಸುವಾಗ ನೌಕಾ ಎನ್‌ಸಿಸಿ ಇದೆಯಾ ಅಂತ ನೋಡಿಯೇ ಅರ್ಜಿ ಹಾಕು. ನೀನು ಎತ್ತರದ ಹುಡುಗಿಯಾದರೆ ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ರೋಯಿಂಗ್ ಕೇಂದ್ರವಿದೆ, ಅವರ ಆಯ್ಕೆ ಶಿಬಿರದ ಪ್ರಕಟಣೆ ಮೇಲೆ ಕಣ್ಣಿಡು. ಉದ್ದನೆ ಕೈಕಾಲು ಕಂಡರೆ ಅವರು ದೋಣಿ ಗೊತ್ತಾ ಅಂತ ಕೇಳಲ್ಲ, ಓಡು, ಹಾರು ಅಂತಾರೆ.

ಅಲ್ಲಿಯವರೆಗೆ ದೋಣಿಯೇ ಬೇಕಾಗಿಲ್ಲ. ಈಜು ಕಲಿ. ಬೆಳಿಗ್ಗೆ ಏರಿಯ ಮೇಲೆ ಓಡು. ವಾರಕ್ಕೆ ಮೂರು ದಿನ ಐವತ್ತು ಬಸ್ಕಿ ಹೊಡೆ. ಒಲಿಂಪಿಕ್ಸಿನಲ್ಲಿ ನೀನು ನೋಡಿದ ದೂರ 2000 ಮೀಟರು, ಅದನ್ನು ಏಳೆಂಟು ನಿಮಿಷ ಒಂದೇ ಉಸಿರಿನ ಹಾಗೆ ಎಳೆಯಬೇಕು. ಏಳೆಂಟು ನಿಮಿಷ ಬಿಡದೆ ಜೋರಾಗಿ ಓಡಿ ನೋಡು, ಎದೆ ಏನು ಹೇಳುತ್ತದೆ ಅಂತ ನನಗೆ ಮತ್ತೊಂದು ಕಾಗದ ಬರಿ.

ಪ್ರಶ್ನೆ: ಮೇಷ್ಟ್ರೇ, ದೋಣಿಯಲ್ಲಿ ಹಿಂದುಮುಂದಾಗಿ ಕೂತರೆ ನೆಟ್ಟಗೆ ಹೋಗ್ತಿದೀವಿ ಅಂತ ಹೇಗೆ ಗೊತ್ತಾಗುತ್ತೆ?
ಆರನೇ ತರಗತಿ ಹುಡುಗ, ಸಕಲೇಶಪುರ

ಉತ್ತರ: ಕಾಕ್ಸ್ ಇದ್ದರೆ ಅವನು ನೋಡಿಕೊಳ್ಳುತ್ತಾನೆ ಕಣೋ. ಒಬ್ಬನೇ ಇದ್ದರೆ, ಹೊರಡುವ ಮೊದಲು ಹಿಂದಿನ ದಡದಲ್ಲಿ ಒಂದು ಗುರುತು ಹಿಡಿದುಕೋ. ತೆಂಗಿನಮರ, ಕಂಬ, ಏನಾದರೂ. ದೋಣಿಯ ಹಿಂದಿನ ತುದಿ ಆ ಗುರುತಿಗೆ ನೇರ ಇರುವವರೆಗೂ ನೀನು ನೆಟ್ಟಗೆ ಹೋಗುತ್ತಿದ್ದೀಯ ಅಂತ. ಹಲಸೂರಿನಲ್ಲಿ ನನ್ನ ಗುರುತು ದಡದ ಗುರುದ್ವಾರದ ಗುಮ್ಮಟ. ಆದರೂ ಐದಾರು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ತಿರುಗಿ ನೋಡಲೇಬೇಕು. ನಾನೊಂದು ದಿನ ನೋಡದೆ ಹೋಗಿ ಕೆರೆ ನಡುವಿನ ನಡುಗಡ್ಡೆಗೆ ಗುದ್ದಿದೆ. ಬಕಪಕ್ಷಿಗಳೆಲ್ಲ ಎದ್ದು ಹಾರಿದವು, ಹವಾಲ್ದಾರರು ದಡದಲ್ಲಿ ಟೋಪಿ ತೆಗೆದು ನೆಲಕ್ಕೆ ಹೊಡೆದರು.